ಪದಕವೆಂಬುದು ಸಾಕ್ಷ್ಯ, ರಸೀದಿಯಲ್ಲ

2025ರ ಆಗಸ್ಟ್ ತಿಂಗಳಲ್ಲಿ ಶೌರ್ಯ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಮೈಸೂರಿನ ನಮ್ಮ ಮೊಹಲ್ಲಾಗಳ ಮೊಬೈಲುಗಳಲ್ಲಿ ಒಂದು ಹೆಸರು ಎಡೆಬಿಡದೆ ಹರಿದಾಡಿತು: ಗಡಿ ಭದ್ರತಾ ಪಡೆಯ ಸಬ್ ಇನ್‌ಸ್ಪೆಕ್ಟರ್ ಮುಹಮ್ಮದ್ ಇಮ್ತಿಯಾಝ್. ಅದೇ ವರ್ಷದ ಮೇ 10ರಂದು ಜಮ್ಮುವಿನ ಆರ್.ಎಸ್. ಪುರ ವಲಯದಲ್ಲಿ ಪ್ರಾಣ ತೆತ್ತ ಬಿಹಾರದ ಈ ಯೋಧನಿಗೆ ಮರಣೋತ್ತರ ವೀರ ಚಕ್ರ ಘೋಷಣೆಯಾಗಿತ್ತು. ಹೆಮ್ಮೆಪಡುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ವಲಯದಲ್ಲಿ ಗಾಯಗೊಂಡು ಮರುದಿನ ಕೊನೆಯುಸಿರೆಳೆದ, ಅದೇ ವೀರ ಚಕ್ರವನ್ನು ಮರಣೋತ್ತರವಾಗಿ ಪಡೆದ ಮಣಿಪುರದ ಕಾನ್‌ಸ್ಟೇಬಲ್ ದೀಪಕ್ ಚಿಂಗಾಖಮ್ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದ್ದೇವೆ? ಅಕ್ಕಪಕ್ಕದಲ್ಲಿ ನಿಂತು ಹೋರಾಡಿದ ಇಬ್ಬರಲ್ಲಿ ಒಬ್ಬನನ್ನು ಎತ್ತಿಕೊಂಡು ಇನ್ನೊಬ್ಬನನ್ನು ಅಲ್ಲಿಯೇ ಬಿಟ್ಟು ಬಂದವರು ನಾವು. ಈ ಲೇಖನವನ್ನು ನಮ್ಮ ಈ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ.

ನಾವು ಹೀಗೇಕೆ ಮಾಡಿದೆವು ಎಂಬುದು ಎಲ್ಲರಿಗೂ ತಿಳಿದದ್ದೇ. ಈ ದೇಶದಲ್ಲಿ ಒಂದು ರಾಜಕೀಯವಿದೆ. ಅದು ಬೆಳಗೆದ್ದರೆ ನಮ್ಮ ಬಾಗಿಲಿಗೆ ಬಂದು ದೇಶನಿಷ್ಠೆಯ ರಸೀದಿ ತೋರಿಸಿ ಎನ್ನುತ್ತದೆ. ನಾವೂ ಅವಸರದಿಂದ ಪೆಟ್ಟಿಗೆ ತೆರೆದು, 1948ರಲ್ಲಿ ಝಂಗಡ್‌ನಲ್ಲಿ ಮಡಿದು ಮಹಾವೀರ ಚಕ್ರ ಪಡೆದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, 1965ರಲ್ಲಿ ಖೇಮ್‌ಕರಣ್ ವಲಯದಲ್ಲಿ ಶತ್ರು ಟ್ಯಾಂಕುಗಳನ್ನು ಎದುರಿಸಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್, 1999ರ ಕಾರ್ಗಿಲ್‌ನ ಕ್ಯಾಪ್ಟನ್ ಹನೀಫುದ್ದೀನ್ ಎಂದು ಒಂದೊಂದೇ ಹೆಸರನ್ನು ತೆಗೆದು ಕೊಡುತ್ತೇವೆ. ಕೇಳುವವರು ಅದನ್ನು ನೋಡಿ ಮರುದಿನ ಮತ್ತೆ ಬರುತ್ತಾರೆ. ಮೂರು ತಲೆಮಾರುಗಳಿಂದ ಹೀಗೆ ಕೊಟ್ಟೂ ತೀರದ ಸಾಲ ಇದು. ಏಕೆಂದರೆ ಇದು ಸಾಲವೇ ಅಲ್ಲ, ಸುಲಿಗೆ. ದೆಹಲಿಯ ಜಾಮಿಅ ಮಿಲ್ಲಿಯದ ಬಳಿಯಿರುವ ಬ್ರಿಗೇಡಿಯರ್ ಉಸ್ಮಾನರ ಸಮಾಧಿ 2020ರ ಡಿಸೆಂಬರಿನಲ್ಲಿ ಒಡೆದ ಸ್ಥಿತಿಯಲ್ಲಿ ಕಂಡಾಗ ಸೇನೆಯೇ ಮುಂದೆ ಬಂದು ಅದನ್ನು ದುರಸ್ತಿ ಮಾಡಿತು. ಅವರ ಹೆಸರನ್ನು ರಸೀದಿಯಂತೆ ಬಳಸಿಕೊಂಡ ನಾವು ಅದುವರೆಗೆ ಆ ಸಮಾಧಿಯ ಕಡೆಗೆ ತಲೆ ಹಾಕಿರಲಿಲ್ಲ.

ಆದ್ದರಿಂದ ನಾವು ಸ್ಪಷ್ಟವಾಗಿ ಹೇಳಬಯಸುವುದು ಇಷ್ಟೇ: ಪದಕವೆಂಬುದು ಒಬ್ಬ ಮನುಷ್ಯನು ಮಾಡಿದ ಕಾರ್ಯಕ್ಕೆ ಇತರರು ನೀಡುವ ಸಾಕ್ಷ್ಯ. ಅದು ಯಾವ ಸಮುದಾಯದ ಆಸ್ತಿಯೂ ಅಲ್ಲ, ಯಾವ ಪಕ್ಷದ ಬಂಡವಾಳವೂ ಅಲ್ಲ. ಸಾಕ್ಷ್ಯಕ್ಕೆ ಇರುವ ನಿಯಮ ಒಂದೇ, ಅದು ಸತ್ಯವಾಗಿರಬೇಕು.

ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳು 1950ರ ಜನವರಿ 26ರಂದು ಸ್ಥಾಪನೆಯಾದವು; 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ ಅವು ಜಾರಿಗೆ ಬಂದವು. ಈ ವ್ಯವಸ್ಥೆ ನಿಂತಿರುವುದೇ ಸಾಕ್ಷಿಯ ಮೇಲೆ. ಯೋಧನು ಏನು ಮಾಡಿದನೆಂಬುದನ್ನು ಕಂಡವರು ಹೇಳಬೇಕು, ಅವನ ಮೇಲಧಿಕಾರಿ ಶಿಫಾರಸು ಬರೆಯಬೇಕು, ಅದು ಹಂತ ಹಂತವಾಗಿ ಮೇಲೇರಿ ರಾಷ್ಟ್ರಪತಿಗಳ ಅಂಗೀಕಾರ ಪಡೆಯಬೇಕು. ಹಾಗಾದರೆ ಯಾರೂ ಕಾಣದ ಶೌರ್ಯದ ಗತಿಯೇನು? ಈ ಪ್ರಶ್ನೆಗೆ ಉತ್ತರ ನಮ್ಮ ನೆರೆಯ ಕೊಡಗಿನಲ್ಲಿದೆ.

1932ರಲ್ಲಿ ಕೊಡಗಿನಲ್ಲಿ ಜನಿಸಿದ ಅಜ್ಜಮಾಡ ಬೋಪಯ್ಯ ದೇವಯ್ಯನವರು ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಹನ್ನೆರಡು ಮಿಸ್ಟೇರ್ ವಿಮಾನಗಳ ದಾಳಿ ನಿಗದಿಯಾದಾಗ ಅವರ ಹೆಸರಿದ್ದದ್ದು ಮೀಸಲು ಪಟ್ಟಿಯಲ್ಲಿ. ಯಾರಾದರೂ ಹಿಂದುಳಿದರೆ ಮಾತ್ರ ಅವರು ಹೋಗಬೇಕಿತ್ತು. ಅವರು ಹೋದರು, ಹಿಂದಿರುಗಲಿಲ್ಲ. ಜೊತೆಗಿದ್ದವರಾರೂ ಅವರಿಗೆ ಏನಾಯಿತೆಂದು ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಗೆ ಅವರ ಹೆಸರು ಸೇರಿತು. ಅಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆ. ಆ ರಾಜ್ಯದ ಒಂದು ಮನೆಯಲ್ಲಿ ಪತ್ನಿ ಸುಂದರಿ ದೇವಯ್ಯನವರು ಮಕ್ಕಳೊಂದಿಗೆ ಕಾದು ಕುಳಿತರು. ಪದಕವಿರಲಿ, ಸುದ್ದಿಯೂ ಬರಲಿಲ್ಲ.

ಸುದ್ದಿ ಬಂದದ್ದು ಹದಿನಾಲ್ಕು ವರ್ಷಗಳ ನಂತರ, ಅದೂ ನಿರೀಕ್ಷಿಸದ ದಿಕ್ಕಿನಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ಯುದ್ಧದ ವಾಯುಸಮರದ ಬಗ್ಗೆ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಪುಸ್ತಕವೊಂದನ್ನು ಪ್ರಕಟಿಸಿದರು. ಸರ್ಗೋಧಾದಿಂದ ಮರಳುತ್ತಿದ್ದ ಒಂದು ಮಿಸ್ಟೇರನ್ನು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿದ್ದೂ, ಪೆಟ್ಟು ತಿಂದ ಮೇಲೂ ಆ ಮಿಸ್ಟೇರ್ ತಿರುಗಿ ನಿಂತು ಕಾದಾಡಿ ಸ್ಟಾರ್‌ಫೈಟರನ್ನು ಉರುಳಿಸಿದ್ದೂ ಅದರಿಂದ ಬೆಳಕಿಗೆ ಬಂತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವನ್ನು ಅದಕ್ಕಿಂತ ಎಷ್ಟೋ ನಿಧಾನದ, ಹಳೆಯ ವಿಮಾನವೊಂದು ಕೆಡವಿತ್ತು. ಸ್ಟಾರ್‌ಫೈಟರಿನ ಚಾಲಕ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿಕೊಂಡರು. ಮಿಸ್ಟೇರಿನ ಚಾಲಕ ಬದುಕಲಿಲ್ಲ. ಅವರು ದೇವಯ್ಯನವರಲ್ಲದೆ ಬೇರಾರೂ ಆಗಿರಲು ಸಾಧ್ಯವಿರಲಿಲ್ಲ. ಇಷ್ಟು ತಿಳಿದ ಮೇಲೂ ಕಡತಗಳು ಚಲಿಸಲು ವರ್ಷಗಳೇ ಬೇಕಾದವು. ಕೊನೆಗೆ 1988ರಲ್ಲಿ, ಅವರು ಮಡಿದ 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೂ ಪ್ರತಿಮೆಯೂ ಇವೆ.

ಈ ಘಟನೆಯಲ್ಲಿ ಸತ್ಯವಿಶ್ವಾಸಿಗಳು ನಿಂತು ಆಲೋಚಿಸಬೇಕಾದ ಅಂಶವೊಂದಿದೆ. ಒಬ್ಬ ಕೊಡವ ಯೋಧನ ಶೌರ್ಯಕ್ಕೆ ಆಧಾರವಾದ ಸಾಕ್ಷ್ಯ ಎದುರಾಳಿಯ ಪಾಳೆಯದಿಂದ ಬಂತು. ತನ್ನ ಅತ್ಯಾಧುನಿಕ ವಿಮಾನವನ್ನು ಹಳೆಯ ವಿಮಾನವೊಂದು ಕೆಡವಿತೆಂದು ಒಪ್ಪಿಕೊಳ್ಳುವುದು ಯಾವ ಸೇನೆಗೂ ಸುಲಭವಲ್ಲ. ಇದು ಆ ದೇಶದ ಗುಣಗಾನವಲ್ಲ. ಅದೇ ದೇಶದ ಸರಕಾರ ಕಾರ್ಗಿಲ್ ಯುದ್ಧದಲ್ಲಿ ತನ್ನ ಸೈನಿಕರನ್ನು ತನ್ನವರೆಂದು ಒಪ್ಪಿಕೊಳ್ಳಲೂ ಹಿಂಜರಿಯಿತು. ಆಗ ಟೈಗರ್ ಹಿಲ್‌ನಲ್ಲಿ ಮಡಿದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಎಂಬ ಪಾಕಿಸ್ತಾನಿ ಅಧಿಕಾರಿಯ ಕಾದಾಟವನ್ನು ಕಂಡು, ಈತ ಧೀರನಾಗಿ ಹೋರಾಡಿದನೆಂದು ಚೀಟಿ ಬರೆದು ಆತನ ಜೇಬಿನಲ್ಲಿರಿಸಿ ಕಳುಹಿಸಿದವರು ನಮ್ಮ ಭಾರತೀಯ ಸೇನೆಯ ಬ್ರಿಗೇಡಿಯರ್ ಬಾಜ್ವಾ. ಬಳಿಕ ಪಾಕಿಸ್ತಾನವು ಆ ಅಧಿಕಾರಿಗೆ ತನ್ನ ಅತ್ಯುನ್ನತ ಪದಕ ನೀಡಿತು. ಬ್ರಿಗೇಡಿಯರ್ ಬಾಜ್ವಾ ಆ ಚೀಟಿ ಬರೆದದ್ದರಿಂದ ಅವರ ದೇಶಪ್ರೇಮ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ಗಡಿಯಲ್ಲಿ ಗುಂಡಿಗೆ ಎದೆಯೊಡ್ಡಿ ನಿಂತವರು ಎದುರಾಳಿಯ ಬಗ್ಗೆ ಇಷ್ಟು ನಿಷ್ಪಕ್ಷಪಾತವಾಗಿ ಮಾತನಾಡಬಲ್ಲರಾದರೆ, ಊರಿನಲ್ಲಿ ನೆರಳಲ್ಲಿ ಕುಳಿತು ಮೈಕು ಹಿಡಿಯುವವರಿಗೆ ನೆರೆಮನೆಯವನ ಬಗ್ಗೆ ಅದೇಕೆ ಸಾಧ್ಯವಾಗುವುದಿಲ್ಲ?

ಅರಬಿ ಭಾಷೆಯಲ್ಲಿ ಸಾಕ್ಷಿಗೆ 'ಶಾಹಿದ್', ಹುತಾತ್ಮನಿಗೆ 'ಶಹೀದ್'. ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೆಯ ವಚನವು, ಸ್ವತಃ ನಮಗೆ, ನಮ್ಮ ತಂದೆತಾಯಿಗಳಿಗೆ, ಬಂಧುಗಳಿಗೆ ವಿರುದ್ಧವಾಗಿ ಹೋದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಆಜ್ಞಾಪಿಸುತ್ತದೆ. ಅಲ್‌ಮಾಇದ ಅಧ್ಯಾಯದ 8ನೆಯ ವಚನವು ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ಅನ್ಯಾಯಕ್ಕೆ ದೂಡಬಾರದೆಂದು ಎಚ್ಚರಿಸುತ್ತದೆ. ಈ ಎರಡು ಆಜ್ಞೆಗಳ ಬೆಳಕಿನಲ್ಲಿ ಇಂದಿನ ಪದಕ ರಾಜಕೀಯವನ್ನು ಪರಿಶೀಲಿಸೋಣ.

ನಮ್ಮ ಮೈಸೂರಿನಿಂದ ಮಂಡ್ಯಕ್ಕೆ ಒಂದು ಗಂಟೆಯ ದಾರಿ. 2023ರ ಮಾರ್ಚ್‌ನಲ್ಲಿ ಪ್ರಧಾನಿಗಳು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಗೆ ಬರುವಾಗ ಅಲ್ಲಿ ಉರಿಗೌಡ, ದೊಡ್ಡ ನಂಜೇಗೌಡ ಎಂಬ ಹೆಸರಿನ ಸ್ವಾಗತ ಕಮಾನು ಎದ್ದಿತು. ಟಿಪ್ಪು ಸುಲ್ತಾನರನ್ನು ಕೊಂದ ವೀರರು ಇವರೇ ಎಂದು ಚುನಾವಣೆಯ ಹೊಸ್ತಿಲಲ್ಲಿ ಪ್ರಚಾರ ನಡೆಯಿತು. ಸಚಿವರೊಬ್ಬರು ಚಲನಚಿತ್ರ ಮಾಡಲೂ ಹೊರಟರು. ಆಧಾರವೆಲ್ಲಿ ಎಂದು ಇತಿಹಾಸಕಾರರು ಕೇಳಿದರು, ಉತ್ತರವಿರಲಿಲ್ಲ. ಆಕ್ಷೇಪ ಬಂದು ಕಮಾನಿನ ಹೆಸರು ಬದಲಾಯಿತು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದ ಮೇಲೆ ಸಚಿವರು ಚಿತ್ರದ ಯೋಚನೆ ಕೈಬಿಟ್ಟರು. ತಮ್ಮ ಸಮುದಾಯಕ್ಕೆ ಪುಕ್ಕಟೆಯಾಗಿ ಸಿಗುತ್ತಿದ್ದ ಹೊಗಳಿಕೆಯನ್ನು ಸತ್ಯದ ಆಧಾರವಿಲ್ಲದೆ ಒಪ್ಪದೆ ನಿಂತ ಆ ಸ್ವಾಮೀಜಿಯವರ ನಡೆಗೆ ನಾವು ಗೌರವ ಸಲ್ಲಿಸಬೇಕು. ನಿಜವಾದ ಶೌರ್ಯವೊಂದು ಸಾಕ್ಷಿಯಿಲ್ಲದೆ 23 ವರ್ಷ ಕಾದ ಇದೇ ನಾಡಿನಲ್ಲಿ, ದಾಖಲೆಯೇ ಇಲ್ಲದ ಶೌರ್ಯಕ್ಕೆ ಕೆಲವೇ ದಿನಗಳಲ್ಲಿ ಕಮಾನು ಎದ್ದಿತು. ಸತ್ತವರ ಗೌರವವನ್ನು ರಾಜಕೀಯದ ಕೈಗೆ ಕೊಟ್ಟರೆ ಆಗುವುದು ಇದೇ.

ಪದಕಗಳೂ ಸುಳ್ಳು ಹೇಳಬಲ್ಲವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನರು ಕಾದಾಡುತ್ತಲೇ ಮಡಿದರು. ಆ ವಿಜಯದ ಸ್ಮರಣೆಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಟಂಕಿಸಿತು. ಅದರ ಮೇಲೆ ಸಿಂಹವೊಂದು ಹುಲಿಯನ್ನು ಅಡಿಗೆ ಹಾಕಿಕೊಂಡ ಚಿತ್ರ. ಸಿಂಹವೆಂದರೆ ಬ್ರಿಟನ್, ಹುಲಿಯೆಂದರೆ ಮೈಸೂರು. ಮೇಲಿನ ಬಾವುಟದಲ್ಲಿ ಅರಬಿ ಅಕ್ಷರಗಳಲ್ಲಿ 'ಅಸದುಲ್ಲಾಹಿಲ್ ಗಾಲಿಬ್', ಅಂದರೆ ಅಲ್ಲಾಹನ ಸಿಂಹವೇ ವಿಜಯಿ ಎಂದು ಕೆತ್ತಲಾಗಿತ್ತು. ಅದು ಟಿಪ್ಪು ತಮ್ಮ ಆಯುಧಗಳ ಮೇಲೆ ಬರೆಸುತ್ತಿದ್ದ ಮಾತು! ಸೋತವನ ಮಾತನ್ನೂ ಕಸಿದು ಗೆದ್ದವನ ಪದಕಕ್ಕೆ ಅಂಟಿಸಲಾಯಿತು. ಆ ಯುದ್ಧದಲ್ಲಿ ಕಂಪನಿಯ ಪರವಾಗಿ ಹೈದರಾಬಾದಿನ ನಿಜಾಮರ ಸೈನ್ಯವೂ ಇತ್ತೆಂಬುದನ್ನು ನಾವು ಮರೆಯಬಾರದು. ಅಲ್ಲಿ ಧರ್ಮಗಳು ಎದುರುಬದುರಾಗಿ ಸಾಲು ನಿಂತಿರಲಿಲ್ಲ. ಟಂಕಸಾಲೆ ಯಾರ ಕೈಯಲ್ಲಿದೆಯೋ ಅವರು ಬಯಸಿದ ಕಥೆಯನ್ನು ಲೋಹವು ಹೇಳುತ್ತದೆ ಎಂಬ ಪಾಠವನ್ನು ಮೈಸೂರಿಗರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಕಾಯಿಲೆ ಒಂದೇ ಪಕ್ಷದ್ದೆಂದು ಹೇಳಿ ಕೈತೊಳೆದುಕೊಳ್ಳುವುದು ಅಪ್ರಾಮಾಣಿಕತೆ. 2008ರ ನವೆಂಬರ್ 26ರ ರಾತ್ರಿ ಮುಂಬೈಯಲ್ಲಿ ಭಯೋತ್ಪಾದಕರ ಗುಂಡಿಗೆ ಬಲಿಯಾದ ಹೇಮಂತ್ ಕರ್ಕರೆಯವರಿಗೆ 2009ರ ಗಣರಾಜ್ಯೋತ್ಸವದಂದು ಮರಣೋತ್ತರ ಅಶೋಕ ಚಕ್ರ ಸಂದಿತು. ಹತ್ತು ವರ್ಷಗಳ ಬಳಿಕ ಭೋಪಾಲದ ಲೋಕಸಭಾ ಅಭ್ಯರ್ಥಿ ಪ್ರಜ್ಞಾ ಸಿಂಗ್ ಠಾಕೂರ್, ಕರ್ಕರೆ ಸತ್ತದ್ದು ತಮ್ಮ ಶಾಪದಿಂದ ಎಂದು ಬಹಿರಂಗವಾಗಿ ನುಡಿದರು. ಟೀಕೆ ಬಂದಾಗ ಮಾತು ಹಿಂತೆಗೆದುಕೊಂಡರು, ಚುನಾವಣೆಯನ್ನೂ ಗೆದ್ದರು. ದೇಶವು ಗೌರವಿಸಿದ ಹುತಾತ್ಮನನ್ನು ಅವಮಾನಿಸಿದವರಿಗೆ ಯಾವ ದೇಶಪ್ರೇಮದ ರಸೀದಿಯನ್ನೂ ಯಾರೂ ಕೇಳಲಿಲ್ಲ. ಇದು ನಾವು ಎತ್ತಬೇಕಾದ ಪ್ರಶ್ನೆಯೇ. ಆದರೆ ಅದೇ ಕರ್ಕರೆಯವರ ಮರಣದ ಕೆಲವೇ ವಾರಗಳಲ್ಲಿ, ಗಟ್ಟಿಯಾದ ಆಧಾರವಿಲ್ಲದೆ ಅವರ ಸಾವಿನ ಬಗ್ಗೆ ಸಂಶಯದ ಮಾತಾಡಿ ಸಂಸತ್ತಿನಲ್ಲಿ ಕೋಲಾಹಲ ಎಬ್ಬಿಸಿದವರು ಅಂದಿನ ಕೇಂದ್ರ ಸಚಿವ ಎ.ಆರ್. ಅಂತುಳೆ. ಆಗ ನಮ್ಮಲ್ಲಿ ಅನೇಕರು ಚಪ್ಪಾಳೆ ತಟ್ಟಿದ್ದೆವು. ಸುದ್ದಿ ಬಂದಾಗ ಪರಾಂಬರಿಸಿ ನೋಡಿರೆಂಬ ಅಲ್‌ಹುಜುರಾತ್ ಅಧ್ಯಾಯದ ಉಪದೇಶ ಅಂದು ನಮಗೆ ನೆನಪಾಗಲಿಲ್ಲ. ನಮಗೆ ಹಿತವಾದ ಸಂಶಯವೂ ಸಂಶಯವೇ, ಅದು ಸಾಕ್ಷ್ಯವಾಗುವುದಿಲ್ಲ.

ಈಗ ನಮ್ಮ ಮನೆಯೊಳಗಿನ ಮಾತು. ದೇವಯ್ಯನವರ ಕಥೆಯನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? 2025ರ ಜನವರಿಯಲ್ಲಿ ಅವರ ಬದುಕಿನಿಂದ ಪ್ರೇರಿತವಾದ ಹಿಂದಿ ಚಲನಚಿತ್ರ 'ಸ್ಕೈ ಫೋರ್ಸ್' ಬಂದಾಗ, ಪಾತ್ರಕ್ಕೆ ಬೇರೆ ಹೆಸರಿಟ್ಟು ಅವರ ಕೊಡವ ಗುರುತನ್ನು ಅಳಿಸಲಾಗಿದೆಯೆಂಬ ನೋವು ಕೊಡಗಿನಿಂದ ಕೇಳಿಬಂತು. ಹೆಸರು ಅಳಿಸಿಹೋಗುವ ನೋವು ನಮಗಿಂತ ಚೆನ್ನಾಗಿ ಯಾರಿಗೆ ತಿಳಿದಿದೆ? ಆದರೂ ನಾವು ಅವರ ದನಿಗೆ ದನಿಗೂಡಿಸಲಿಲ್ಲ. ಕಾರಣವನ್ನು ಮುಚ್ಚಿಡುವುದು ಬೇಡ. 2015ರ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ನಡೆದ ಘರ್ಷಣೆ, ಹೋದ ಜೀವಗಳು, ಆ ಬಳಿಕ ಎರಡೂ ಕಡೆ ಉಳಿದ ಕಹಿ ನಮ್ಮ ನಾಲಗೆಯನ್ನು ಹಿಡಿದಿದೆ. ಕೊಡವರೆಂದರೆ ಟಿಪ್ಪುವಿನ ವಿರೋಧಿಗಳು, ಅವರ ವೀರ ನಮಗೇಕೆ ಎಂಬ ಸಣ್ಣ ಮಾತು ಮನದ ಮೂಲೆಯಲ್ಲಿ ಕುಳಿತಿದೆ. ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲೆಂಬ ಆಜ್ಞೆ ಬಂದಿರುವುದು ಇಂತಹ ಸಣ್ಣ ಮಾತುಗಳ ವಿಷಯದಲ್ಲೇ ಅಲ್ಲವೇ?

ಪ್ರವಾದಿ ಮುಹಮ್ಮದರ(ಸ) ಮಾದರಿಯನ್ನು ನೋಡಿ. ತಾಇಫಿನಲ್ಲಿ ಕಲ್ಲೇಟು ತಿಂದು ಮರಳಿದಾಗ ಅವರಿಗೆ ಮಕ್ಕಾದೊಳಗೆ ಕಾಲಿಡಲೂ ಆಶ್ರಯವಿರಲಿಲ್ಲ. ಆಗ ಮುತ್ಇಮ್ ಬಿನ್ ಅದಿಯ್ಯ್ ಎಂಬ ನಾಯಕನು ತನ್ನ ಮಕ್ಕಳಿಗೆ ಆಯುಧ ಧರಿಸಲು ಹೇಳಿ ಪ್ರವಾದಿವರ್ಯರಿಗೆ(ಸ) ರಕ್ಷಣೆ ನೀಡಿದನು. ಆತ ಇಸ್ಲಾಮ್ ಸ್ವೀಕರಿಸದೆಯೇ ಮರಣ ಹೊಂದಿದನು. ಬದ್ರ್ ಯುದ್ಧದ ನಂತರ ಕೈದಿಗಳ ವಿಷಯ ಬಂದಾಗ, ಮುತ್ಇಮ್ ಬದುಕಿದ್ದು ಇವರ ಪರವಾಗಿ ಒಂದು ಮಾತು ಹೇಳಿದ್ದರೆ ಇವರೆಲ್ಲರನ್ನೂ ಅವನಿಗಾಗಿ ಬಿಟ್ಟುಬಿಡುತ್ತಿದ್ದೆ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದ್ದನ್ನು ಸಹೀಹ್ ಬುಖಾರಿ ದಾಖಲಿಸಿದೆ. ಮರಣಿಸಿದ ಒಬ್ಬ ಮುಸ್ಲಿಮೇತರನ ಧೈರ್ಯಕ್ಕೆ ಯುದ್ಧಭೂಮಿಯಲ್ಲಿ ನಿಂತು ಅವರು ಸಲ್ಲಿಸಿದ ಗೌರವವಿದು. ಇದಕ್ಕಿಂತ ದೊಡ್ಡ ಮರಣೋತ್ತರ ಪದಕ ಯಾವುದಿದೆ? ಅವರ ಅನುಯಾಯಿಗಳಾದ ನಾವು ದೇವಯ್ಯನವರ ಹೆಸರನ್ನೂ ದೀಪಕ್ ಚಿಂಗಾಖಮ್‌ರ ಹೆಸರನ್ನೂ ನಮ್ಮ ಮನೆಗಳಲ್ಲಿ ಹೇಳಲು ಹಿಂಜರಿಯುವುದಾದರೆ ಸುನ್ನತ್ತಿನ ಮಾತಾಡುವ ಅರ್ಹತೆ ನಮಗೆಲ್ಲಿದೆ?

ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ನಾವು ಹಮೀದ್, ಉಸ್ಮಾನ್‌ರ ಹೆಸರು ಹೇಳದಿದ್ದರೆ ದ್ವೇಷ ಕಾರುವವರ ಬಾಯಿ ಮುಚ್ಚಿಸುವುದು ಹೇಗೆ? ಹೇಳಬೇಡಿರೆಂದು ನಾವು ಹೇಳುತ್ತಿಲ್ಲ. ಹೇಳಿರಿ, ಮಕ್ಕಳಿಗೆ ಕಲಿಸಿರಿ. ಆದರೆ ಆರೋಪಿಯ ಕಟಕಟೆಯಲ್ಲಿ ನಿಂತು ಹೇಳಬೇಡಿರಿ. ನಮ್ಮ ಪೌರತ್ವ ಯಾರದೋ ರಕ್ತದಿಂದ ಖರೀದಿಸಿದ್ದಲ್ಲ. ಅಬ್ದುಲ್ ಹಮೀದರು ಹುಟ್ಟದೇ ಇದ್ದಿದ್ದರೂ ಮಂಡಿ ಮೊಹಲ್ಲಾದ ತರಕಾರಿ ವ್ಯಾಪಾರಿಯ ಹಕ್ಕು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಸಂವಿಧಾನ ನಮ್ಮನ್ನು ಪ್ರಜೆಗಳೆಂದು ಒಪ್ಪಿದ್ದು ಪದಕಗಳನ್ನು ಎಣಿಸಿ ಅಲ್ಲ. ಅದೇ ರೀತಿ, ನೆರೆಮನೆಯವನಿಗೆ ನಮ್ಮ ಮೇಲೆ ಹೆಚ್ಚಿನ ಅಧಿಕಾರ ಅವನ ಕುಲದ ವೀರನಿಂದ ದೊರೆಯುವುದೂ ಇಲ್ಲ.

ಎರಡನೆಯದು ನಮ್ಮವರದೇ: ಪ್ರತಿಫಲ ಅಲ್ಲಾಹನ ಬಳಿಯಲ್ಲಿರುವಾಗ ಲೋಹದ ಚಕ್ರಗಳ ಗೊಡವೆ ಸತ್ಯವಿಶ್ವಾಸಿಗೇಕೆ? ವೀರನೆಂದು ಕರೆಸಿಕೊಳ್ಳಲಿಕ್ಕಾಗಿಯೇ ಹೋರಾಡಿ ಸತ್ತವನ ಗತಿಯ ಬಗ್ಗೆ ಸಹೀಹ್ ಮುಸ್ಲಿಮ್‌ನಲ್ಲಿ ಭಯಂಕರ ಎಚ್ಚರಿಕೆಯಿರುವುದು ನಿಜ. ಆದರೆ ಆ ಎಚ್ಚರಿಕೆ ಹೋರಾಡುವವನ ಸಂಕಲ್ಪಕ್ಕೆ ಸಂಬಂಧಿಸಿದ್ದು. ಕಂಡವರಿಗೆ, ಉಳಿದವರಿಗೆ ಬೇರೆಯೇ ಕರ್ತವ್ಯವಿದೆ. ಅವರು ಸತ್ಯವನ್ನು ಬಚ್ಚಿಡಬಾರದು. ಸಾಕ್ಷ್ಯವನ್ನು ಮರೆಮಾಚುವವನ ಹೃದಯ ಪಾಪಿಷ್ಠವೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಮಡಿದವನಿಗೆ ಪದಕ ಬೇಕಾಗಿಲ್ಲದಿರಬಹುದು. ಅವನ ಪತ್ನಿಗೆ, ಅಪ್ಪ ಏನಾದರೆಂದು ತಿಳಿಯದೆ ಬೆಳೆದ ಮಕ್ಕಳಿಗೆ ಆ ಸತ್ಯ ಬೇಕು. 23 ವರ್ಷ ಅದನ್ನು ತಡೆಹಿಡಿದ ವ್ಯವಸ್ಥೆ ಅವರಿಗೆ ಅನ್ಯಾಯ ಮಾಡಿತು.

ಹಾಗಾದರೆ ನಾವು ಕೇಳುವುದೇನು? ತಡವಾಗಿ ಬರುವ ಮರಣೋತ್ತರ ಗೌರವದ ಪ್ರಶ್ನೆಗಳನ್ನು ದಾಖಲೆಗಳೂ ಪ್ರತ್ಯಕ್ಷದರ್ಶಿಗಳೂ ತೀರ್ಮಾನಿಸಲಿ, ಚುನಾವಣಾ ಭಾಷಣಗಳಲ್ಲ. ಗಡಿಯಾಚೆಯಿಂದ ಬಂದ ಸಾಕ್ಷ್ಯವನ್ನೂ ತೂಗಿ ನೋಡುವ ಧೈರ್ಯ 1988ರಲ್ಲಿ ಸರಕಾರಕ್ಕಿತ್ತು. ಆ ಧೈರ್ಯ ಮುಂದೆಯೂ ಇರಲಿ. ಮಡಿದ ಯೋಧನ ಮನೆಯ ಮುಂದೆ ಯಾವ ಪಕ್ಷದ ಬಾವುಟವೂ ಹಾರದಿರಲಿ. ಇನ್ನು ನಮ್ಮ ಪಾಲಿನ ಕೆಲಸ: ಲಷ್ಕರ್ ಮೊಹಲ್ಲಾದಿಂದ ಉದಯಗಿರಿಯವರೆಗೆ ನಮ್ಮ ಮನೆಗಳಲ್ಲಿ, ಮದ್ರಸಗಳಲ್ಲಿ ಈ ಸಲ ಗಣರಾಜ್ಯೋತ್ಸವದಂದು ಮಕ್ಕಳ ಮುಂದೆ ಹಮೀದರ ಜೊತೆಗೆ ದೇವಯ್ಯನವರ ಹೆಸರನ್ನೂ, ಇಮ್ತಿಯಾಝರ ಜೊತೆಗೆ ದೀಪಕರ ಹೆಸರನ್ನೂ ಹೇಳೋಣ. ಯಾರಿಗೂ ತೋರಿಸುವುದಕ್ಕಲ್ಲ, ವಿಡಿಯೋ ಮಾಡಿ ಹಂಚುವುದಕ್ಕೂ ಅಲ್ಲ. ಅದು ಸತ್ಯವಾದ್ದರಿಂದ.

ನಹಾವಂದ್ ಯುದ್ಧದ ವಾರ್ತೆ ತಂದ ದೂತನು ಹಝ್ರತ್ ಉಮರ್(ರ) ಅವರ ಮುಂದೆ ಮಡಿದವರಲ್ಲಿ ಪ್ರಮುಖರ ಹೆಸರುಗಳನ್ನು ಹೇಳಿ, ಇನ್ನೂ ಅನೇಕರಿದ್ದಾರೆ, ಅವರನ್ನು ತಾವು ಅರಿಯಿರಿ ಎಂದನಂತೆ. ಖಲೀಫರು ಕಣ್ಣೀರಿಟ್ಟರು. ಉಮರನು ಅರಿಯದಿದ್ದರೇನಂತೆ, ಅಲ್ಲಾಹನು ಅವರನ್ನು ಅರಿತಿದ್ದಾನಲ್ಲ ಎಂಬರ್ಥದ ಮಾತು ಅವರ ಬಾಯಿಂದ ಹೊರಟಿತೆಂದು ಇತಿಹಾಸಕಾರರು ಬರೆದಿದ್ದಾರೆ. ಪಟ್ಟಿಗೆ ಸೇರದವರನ್ನು ನೆನೆದು ಅಳಬಲ್ಲ ಆಡಳಿತಗಾರರು ಈ ನಾಡಿಗೆ ದೊರೆಯಲಿ. ಸರ್ಗೋಧಾದ ಆಕಾಶದಲ್ಲಿ ಯಾರೂ ಕಾಣದೆ ಹೋದದ್ದನ್ನು ಕಂಡವನೊಬ್ಬನಿದ್ದನು. ಅವನ ಮುಂದೆ ಒಂದು ದಿನ ನಾವೂ ಸಾಕ್ಷಿಗಳಾಗಿ ನಿಲ್ಲಬೇಕಾಗಿದೆ. ಅಂದು ಸತ್ಯವನ್ನೇ ನುಡಿದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ನಿಲ್ಲಿಸಲಿ. ಆಮೀನ್.